ಕಾಸರಗೋಡಿನ ಮಳೆಗೆ ತಾಳುವ ಜೋಡುಮರದ ಬಿಲ್ಲು: ಬೆನ್ನಿಗೆ ಯಾವುದು, ಹೊಟ್ಟೆಗೆ ಯಾವುದು

ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ ಹಿಗ್ಗಲು ಹೊರಡುತ್ತದೆ, ಎಳೆಯುವವನ ಕಡೆಗಿರುವ ಮೈ ಕುಗ್ಗಲು ಹೊರಡುತ್ತದೆ. ಹಿಗ್ಗುವ ಮೈಯನ್ನು ಬೆನ್ನು ಎಂದೂ ಕುಗ್ಗುವ ಮೈಯನ್ನು ಹೊಟ್ಟೆ ಎಂದೂ ಇಲ್ಲಿ ಕರೆದಿದ್ದೇನೆ. ಒಂದೇ ಕಾಂಡದಿಂದ ಕೆತ್ತಿದ ಬಿಲ್ಲಿನಲ್ಲಿ ಈ ಎರಡು ವಿರುದ್ಧ ಕೆಲಸಗಳನ್ನೂ ಒಂದೇ ಮರ ನಿಭಾಯಿಸಬೇಕಾಗುವುದರಿಂದ, ನಾರು ಎಲ್ಲಿಯೂ ತುಂಡಾಗದೆ ತುದಿಯಿಂದ ತುದಿಗೆ ಓಡುವ ಕಾಂಡವೇ ಅದಕ್ಕೆ ಬೇಕು. ನಮಗೆ ಸಿಗುವುದು ಮಿಲ್ಲಿನಲ್ಲಿ ಸೀಳಿದ ಹಲಗೆ. ಗರಗಸ ನಾರಿನ ದಾರಿಯನ್ನು ನೋಡಿ ಓಡುವುದಿಲ್ಲವಾದ್ದರಿಂದ ಹಲಗೆಯ ಮೈಯಲ್ಲಿ ಅಲ್ಲಲ್ಲಿ ನಾರು ಓರೆಯಾಗಿ ಕಡಿದುಹೋಗಿರುತ್ತದೆ. ಎಳೆತ ಹೆಚ್ಚಿದಾಗ ಬೆನ್ನಿನ ಮೇಲೆ ಆ ಜಾಗದಿಂದಲೇ ಸಿಬಿರು ಏಳುತ್ತದೆ. ಬೆನ್ನಿಗೆ ತೆಳುವಾದ, ನಾರು ಕಡಿಯದ ಇನ್ನೊಂದು ಪಟ್ಟಿಯನ್ನು ಅಂಟಿಸಿದರೆ ಹಿಗ್ಗುವ ಕೆಲಸ ಆ ಪಟ್ಟಿಯದ್ದಾಗುತ್ತದೆ, ಕುಗ್ಗುವ ಕೆಲಸ ಮಾತ್ರ ಹಲಗೆಗೆ ಉಳಿಯುತ್ತದೆ.

ಹೀಗೆ ಕೆಲಸ ಹಂಚಿದ ಮೇಲೆ ಬೆನ್ನಿಗೆ ಯಾವ ಮರ, ಹೊಟ್ಟೆಗೆ ಯಾವ ಮರ ಎಂಬುದನ್ನು ಬೇರೆಬೇರೆಯಾಗಿ ಆಯ್ದರೆ ಸಾಲದು. ಎರಡನ್ನೂ ಜೋಡಿಯಾಗಿಯೇ ಆಯಬೇಕು. ಅತಿ ಬಲವಾದ ಬೆನ್ಪಟ್ಟಿ ಒಳ್ಳೆಯದೆಂಬ ಭಾವನೆ ಸಾಮಾನ್ಯವಾಗಿ ಎಲ್ಲರಲ್ಲೂ ಇದೆ, ಆದರೆ ಅದು ತಪ್ಪು. ಬೆನ್ನು ಹಿಗ್ಗಲು ಒಪ್ಪದಷ್ಟು ಬಿಗಿಯಾಗಿದ್ದರೆ ಬಾಗಿನ ಭಾರವೆಲ್ಲ ಹೊಟ್ಟೆಯ ಮೇಲೆ ಬೀಳುತ್ತದೆ, ಹೊಟ್ಟೆಯ ನಾರು ಅಡಕಿಕೊಂಡು ಅಡ್ಡಡ್ಡ ಸುಕ್ಕುಗೆರೆಗಳು ಮೂಡುತ್ತವೆ, ಹೆದೆ ಇಳಿಸಿದ ಮೇಲೂ ಬಿಲ್ಲು ಬಾಗಿಯೇ ಉಳಿಯುತ್ತದೆ. ಅಂಥ ಬಿಲ್ಲು ಮುರಿಯದಿದ್ದರೂ ಬಾಣವನ್ನು ಚುರುಕಾಗಿ ಎಸೆಯುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ.

ಮಳೆಯ ಲೆಕ್ಕ

ಬಿಲ್ಲು ಮಾಡುವ ವಿಧಾನವನ್ನು ವಿವರಿಸುವ ಬರಹಗಳಲ್ಲಿ ಹೆಚ್ಚಿನವು ಚಳಿಯ, ಒಣಹವೆಯ ದೇಶಗಳಿಂದ ಬಂದವು. ಅಲ್ಲಿ ಹೇಳುವ ಅಳತೆಗಳನ್ನು ಬದಿಯಡ್ಕದಲ್ಲೋ ಮುಳ್ಳೇರಿಯದಲ್ಲೋ ಕುಳಿತು ಹಾಗೆಯೇ ಪಾಲಿಸಿದರೆ ಮೀನ ಮಾಸದಲ್ಲಿ (ಮಾರ್ಚ್-ಏಪ್ರಿಲ್) ಚೆನ್ನಾಗಿದ್ದ ಬಿಲ್ಲು ಆಟಿಯಲ್ಲಿ (ಜುಲೈ-ಆಗಸ್ಟ್) ಸೋಲುತ್ತದೆ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ಈ ಕಾಸರಗೋಡು ಜಿಲ್ಲೆಯಲ್ಲಿ ಮರದೊಳಗಿನ ತೇವಾಂಶ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಸುಮಾರು 27 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಗಾಳಿಯ ಆರ್ದ್ರತೆ ಶೇ. 65 ಇದ್ದರೆ ಮರದ ತೇವಾಂಶ ಶೇ. 12ರ ಸುಮಾರಿಗೆ ಬಂದು ನಿಲ್ಲುತ್ತದೆ, ಆರ್ದ್ರತೆ ಶೇ. 80 ಆದರೆ ಅದು 16ಕ್ಕೂ, ಶೇ. 90 ಆದರೆ 20ಕ್ಕೂ ಏರುತ್ತದೆ. ಬಿಲ್ಲಿಗೆ ಹಿತವಾದುದು ಶೇ. 8ರಿಂದ 10.

ತೇವ ಏರಿದಾಗ ಮರ ಎಲ್ಲ ರೀತಿಯಲ್ಲೂ ಸಮನಾಗಿ ಸೋಲುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ತೇವಾಂಶ 12ರಿಂದ 20ಕ್ಕೆ ಏರಿದರೆ ನಾರಿನ ಉದ್ದಕ್ಕೆ ಎಳೆತವನ್ನು ತಾಳುವ ಶಕ್ತಿ ಸುಮಾರು ಶೇ. 15ರಷ್ಟು ಕುಗ್ಗುತ್ತದೆ, ಅದೇ ಅಡಕುವ ಒತ್ತಡವನ್ನು ತಾಳುವ ಶಕ್ತಿ ಸುಮಾರು ಶೇ. 35ರಷ್ಟು ಕುಗ್ಗುತ್ತದೆ. ಮಳೆಗಾಲದಲ್ಲಿ ಬೆನ್ನಿಗೆ ಆಗುವ ನಷ್ಟ ಸಣ್ಣದು, ಹೊಟ್ಟೆಗೆ ಆಗುವ ನಷ್ಟ ದೊಡ್ಡದು. ಬೇಸಗೆಯಲ್ಲಿ ಸರಿಸಮವಾಗಿದ್ದ ಜೋಡಿಯಲ್ಲಿ ಮಳೆಗಾಲ ಬಂದೊಡನೆ ಬೆನ್ನು ಹೊಟ್ಟೆಯನ್ನು ಮೀರಿಸುವುದು ಈ ಕಾರಣದಿಂದ. ಆದುದರಿಂದ ಇಲ್ಲಿ ಬಿಲ್ಲು ಮಾಡುವವರು ಬೆನ್ಪಟ್ಟಿಯನ್ನು ಬರಹಗಳಲ್ಲಿ ಹೇಳುವುದಕ್ಕಿಂತ ಸ್ವಲ್ಪ ತೆಳುವಾಗಿಯೂ ಹೊಟ್ಟೆಯ ಮರವನ್ನು ಸ್ವಲ್ಪ ಹೆಚ್ಚು ಗಟ್ಟಿಯದಾಗಿಯೂ ಆಯ್ದುಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತನ್ನು ಅವಲಂಬಿಸಿದೆ.

ತೇವಾಂಶವನ್ನು ಅಳೆಯಲು ಮೀಟರ್ ಬೇಕೆಂದಿಲ್ಲ. ಹಲಗೆಯ ತುದಿಯಿಂದ ಒಂದು ಗೇಣು ಒಳಗೆ ಸಣ್ಣ ತುಂಡೊಂದನ್ನು ಕತ್ತರಿಸಿ ತೂಗಬೇಕು. ನೂರು ಡಿಗ್ರಿಗಿಂತ ತುಸು ಹೆಚ್ಚು ಬಿಸಿಯಿರುವ ಓವನಿನಲ್ಲಿ ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಕಳೆದುಹೋದ ತೂಕವನ್ನು ಒಣಗಿದ ತೂಕದಿಂದ ಭಾಗಿಸಿದರೆ ತೇವಾಂಶ ಸಿಗುತ್ತದೆ. 100 ಗ್ರಾಂ ತುಂಡು 90 ಗ್ರಾಂಗೆ ಇಳಿದರೆ ತೇವಾಂಶ ಶೇ. 11.

ಮರವನ್ನು ಕೊಳ್ಳುವ ಮೊದಲು ಮಾಡುವ ಎರಡು ಪರೀಕ್ಷೆ

ಒಂದೇ ಜಾತಿಯ ಎರಡು ಮರಗಳು ಒಂದೇ ರೀತಿ ಇರುವುದಿಲ್ಲ. ಗುಡ್ಡೆಯ ತೇಗ ಬೇರೆ, ತೋಟದ ಬದುವಿನಲ್ಲಿ ನೀರು ಕುಡಿದು ಬೆಳೆದ ತೇಗ ಬೇರೆ. ಆದುದರಿಂದ ಹೆಸರನ್ನು ನಂಬುವ ಬದಲು ತುಂಡನ್ನು ಪರೀಕ್ಷಿಸುವುದು ಲೇಸು.

ಹೊಟ್ಟೆಯ ಮರಕ್ಕೆ ಬಾಲ್ದಿಯ ಪರೀಕ್ಷೆ ಸಾಕು. 10 ಮಿ.ಮೀ. ಚೌಕದ, 60 ಸೆಂ.ಮೀ. ಉದ್ದದ, ಗಂಟಿಲ್ಲದ ಒಂದು ಕಡ್ಡಿಯನ್ನು ಕೀಸಿ, 50 ಸೆಂ.ಮೀ. ಅಂತರದಲ್ಲಿರುವ ಎರಡು ಆಧಾರಗಳ ಮೇಲೆ ಅಡ್ಡಲಾಗಿಟ್ಟು, ನಡುವಿಗೆ ಖಾಲಿ ಬಾಲ್ದಿಯನ್ನು ತೂಗಿಸಿ ನಿಧಾನವಾಗಿ ನೀರು ಸುರಿಯಬೇಕು. ಕಡ್ಡಿಯ ನಡು 33 ಮಿ.ಮೀ. ತಗ್ಗಿದಾಗ ಅದರ ಮೇಲ್ಮೈ ಮತ್ತು ಕೆಳಮೈಗಳ ಹಿಗ್ಗು-ಕುಗ್ಗು ಶೇ. 0.8ರಷ್ಟಾಗುತ್ತದೆ, ಎಳೆದ ಬಿಲ್ಲಿನ ಮೈ ಅನುಭವಿಸುವುದೂ ಹೆಚ್ಚುಕಡಿಮೆ ಇಷ್ಟನ್ನೇ. ಆ ಸ್ಥಿತಿಯಲ್ಲಿ ಎಷ್ಟು ಲೀಟರ್ ನೀರು ಹಿಡಿಯಿತೆಂದು ಬರೆದುಕೊಳ್ಳಬೇಕು: ಹೆಚ್ಚು ನೀರು ಬೇಡಿದ ಮರ ಹೆಚ್ಚು ಬಿಗಿ. ಸಾಧಾರಣ ಬಿಗುವಿನ ಮರಕ್ಕೆ ಬಾಲ್ದಿಯ ಭಾರವೂ ಸೇರಿ 13 ಕಿಲೋ ಆಸುಪಾಸು ಬೇಕಾಗುತ್ತದೆ. ಹತ್ತು ನಿಮಿಷ ಹಾಗೆಯೇ ಬಿಟ್ಟು ಬಾಲ್ದಿಯನ್ನು ತೆಗೆದ ಮೇಲೆ ಕಡ್ಡಿಯಲ್ಲಿ ಎಷ್ಟು ಬಾಗು ಉಳಿಯಿತೆಂದು ನೋಡಬೇಕು. ಒಂದು ಮಿ.ಮೀ. ಒಳಗೆ ಉಳಿದರೆ ಅದು ಹೊಟ್ಟೆಗೆ ಯೋಗ್ಯ, ಮೂರು ಮಿ.ಮೀ. ದಾಟಿದರೆ ಆ ಮರವನ್ನು ಬಿಟ್ಟುಬಿಡುವುದು ಮೇಲು. ಅದೇ ಹಲಗೆಯ ಇನ್ನೊಂದು ಕಡ್ಡಿಯನ್ನು ಆಟಿಯಲ್ಲಿ ಒಂದು ವಾರ ಜಗಲಿಯಲ್ಲಿಟ್ಟು ಪುನಃ ಪರೀಕ್ಷಿಸಿದರೆ ಆ ಮರದ ಮಳೆಗಾಲದ ನಡತೆ ಬಯಲಾಗುತ್ತದೆ. ಇದಕ್ಕೆ ಒಂದು ಮಳೆಗಾಲ ಕಾಯಬೇಕಾಗುತ್ತದೆ ನಿಜ, ಆದರೆ ಮರ ಒಣಗಲು ಹೇಗೂ ಅಷ್ಟು ಕಾಲ ಬೇಕು.

ಬೆನ್ಪಟ್ಟಿಗೆ ಇನ್ನೂ ಸುಲಭದ ಪರೀಕ್ಷೆಯಿದೆ. ಪಟ್ಟಿಯ ದಪ್ಪಕ್ಕಿಂತ ನೂರು ಪಟ್ಟು ಅಡ್ಡಳತೆಯ ಉರುಟು ಪಾತ್ರೆಯ ಸುತ್ತ ಅದನ್ನು ಬಗ್ಗಿಸಿದರೆ ಹೊರಮೈ ಶೇ. 1ರಷ್ಟು ಹಿಗ್ಗುತ್ತದೆ. 3 ಮಿ.ಮೀ. ಪಟ್ಟಿಗೆ 30 ಸೆಂ.ಮೀ. ಅಡ್ಡಳತೆಯ ಪಾತ್ರೆ, 2 ಮಿ.ಮೀ. ಪಟ್ಟಿಗೆ 20 ಸೆಂ.ಮೀ. ಪಾತ್ರೆ. ಬಿಲ್ಲಿನಲ್ಲಿ ಹೊರಗೆ ಬರುವ ಮೈಯೇ ಇಲ್ಲಿಯೂ ಹೊರಗಿರಬೇಕು. ಸಿಬಿರು ಏಳದೆ, ಚಿಟಿಚಿಟಿ ಸದ್ದು ಮಾಡದೆ ಬಗ್ಗಿದ ಪಟ್ಟಿ ಬೆನ್ನಿಗೆ ಸಲ್ಲುತ್ತದೆ.

ಬೆನ್ನಿಗೆ ಸಲ್ಲುವವು

ಬೆನ್ನಿಗೆ ಬಿದಿರನ್ನು ಮೀರಿಸುವ ವಸ್ತು ನಮ್ಮಲ್ಲಿಲ್ಲ. ಬಿದಿರಿನ ನಾರು ಗಿಣ್ಣಿನಿಂದ ಗಿಣ್ಣಿಗೆ ನೇರವಾಗಿ ಓಡುತ್ತದೆ, ಹೊರ ಸಿಪ್ಪೆಯ ಕಡೆಗೆ ಹೋದಂತೆ ಹೆಚ್ಚು ಹೆಚ್ಚು ಒತ್ತಾಗುತ್ತದೆ. ಎಳೆತದ ಒತ್ತಡ ಅತ್ಯಧಿಕವಾಗುವುದು ಬಿಲ್ಲಿನ ಹೊರಮೈಯಲ್ಲೇ ಆದುದರಿಂದ ಬಿದಿರಿನ ಗಟ್ಟಿ ಭಾಗ ಬೇಕಾದಲ್ಲಿಯೇ ಬಂದು ಕುಳಿತಂತಾಗುತ್ತದೆ. ಜಪಾನಿನ ಉದ್ದ ಬಿಲ್ಲು ಯುಮಿಯಲ್ಲಿ ಬೆನ್ನಿಗೂ ಹೊಟ್ಟೆಗೂ ಬಿದಿರನ್ನೇ ಹಾಕಿ ನಡುವೆ ಮರವನ್ನು ಸೇರಿಸುತ್ತಾರೆ. ನಮ್ಮ ದೇಶದಲ್ಲಿ ಬಿದಿರಿನ ಬಿಲ್ಲಿನಲ್ಲಿ ಅಭ್ಯಾಸ ಆರಂಭಿಸಿ ಒಲಿಂಪಿಕ್ಸ್‌ವರೆಗೆ ಏರಿದ ಲಿಂಬಾ ರಾಮ್, ದೀಪಿಕಾ ಕುಮಾರಿ ಅವರಂಥವರಿದ್ದಾರೆ. ಕೇರಳದ್ದೇ ಆದ ವಯನಾಡಿನ ಕುರಿಚ್ಯ ಬುಡಕಟ್ಟಿನವರ ಬಿಲ್ಲುಗಾರಿಕೆಯೂ ಪ್ರಸಿದ್ಧವಾದುದೇ.

ಆಯಬೇಕಾದುದು ಮುಳ್ಳುಬಿದಿರನ್ನು, ಅದರಲ್ಲೂ ಮೂರರಿಂದ ಐದು ವರ್ಷ ಬಲಿತ ಗಳವನ್ನು. ಎಳೆಯ ಗಳ ಒಣಗುವಾಗ ಸುಕ್ಕುಗಟ್ಟುತ್ತದೆ. ಮಳೆ ನಿಂತು ನೆಲ ಒಣಗಿದ ಮೇಲೆ, ಮಕರ-ಕುಂಭ ಮಾಸಗಳಲ್ಲಿ (ಜನವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ) ಕಡಿಯುವುದು ಉತ್ತಮ. ಹಿಟ್ಟಿನಂಶ ಕಡಿಮೆಯಿರುವ ಗಳವನ್ನು ಕುಟ್ಟೆಹುಳ ಅಷ್ಟಾಗಿ ಮುಟ್ಟುವುದಿಲ್ಲ. ತೋಡಿನ ಹರಿಯುವ ನೀರಿನಲ್ಲಿ ಕೆಲವು ವಾರ ಮುಳುಗಿಸಿಟ್ಟು ಆಮೇಲೆ ನೆರಳಿನಲ್ಲಿ ಒಣಗಿಸುವ ಹಳೆಯ ಕ್ರಮ ಈಗಲೂ ಫಲಕಾರಿ. ತೀರ ಅವಸರದವರು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಬಹುದು. ಓಟೆ ಎಂಬ ಬಿದಿರಿನ ಜಾತಿಯನ್ನು ಬೆನ್ನಿಗೆ ಬಳಸುವ ಯೋಚನೆ ಬೇಡ: ಅದರ ಗೋಡೆ ತೀರ ತೆಳು, ಅದರ ಜಾಗ ಬಾಣದಲ್ಲಿ.

ಬಿದಿರಿನ ಒಂದು ಮಿತಿಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಗಳ ಉರುಟಾಗಿರುವುದರಿಂದ ಪಟ್ಟಿಯ ಒಳಮೈಯನ್ನು ಚಪ್ಪಟೆ ಮಾಡಿದಾಗ ನಡುವೆ ದಪ್ಪವೂ ಅಂಚಿನಲ್ಲಿ ಶೂನ್ಯವೂ ಆಗುತ್ತದೆ. 10 ಸೆಂ.ಮೀ. ಅಡ್ಡಳತೆಯ ಗಳದಿಂದ ನಡುವೆ 3 ಮಿ.ಮೀ. ದಪ್ಪದ ಪಟ್ಟಿ ತೆಗೆದರೆ ಅಂಟಿಸಲು ಸಿಗುವ ಅಗಲ 34 ಮಿ.ಮೀ. ಮಾತ್ರ, ದಪ್ಪವನ್ನು 2.5 ಮಿ.ಮೀ.ಗೆ ಇಳಿಸಿದರೆ ಅಗಲ 31ಕ್ಕೆ ಇಳಿಯುತ್ತದೆ. 15 ಸೆಂ.ಮೀ. ಗಳ ಸಿಕ್ಕಿದರೆ 2.5 ಮಿ.ಮೀ. ದಪ್ಪದಲ್ಲಿ 38 ಮಿ.ಮೀ. ಅಗಲ ಸಿಗುತ್ತದೆ. ಅಂದರೆ ಬಿದಿರಿನ ಬೆನ್ನು ಇರುವ ಬಿಲ್ಲು ಕಿರಿದಾಗಿರಲೇಬೇಕು, ಕಿರಿದಾದ ಬಿಲ್ಲಿನ ಹೊಟ್ಟೆಗೆ ಗಟ್ಟಿಮರವೇ ಬೇಕು. ಮೃದುವಾದ ಮರವನ್ನು ಹೊಟ್ಟೆಗೆ ಹಾಕುವುದಾದರೆ ಬಿಲ್ಲು ಅಗಲವಾಗಬೇಕು, ಆಗ ಬಿದಿರು ಸಾಲುವುದಿಲ್ಲ. ಬೆನ್ನು ಮತ್ತು ಹೊಟ್ಟೆಯ ಆಯ್ಕೆ ಒಂದನ್ನೊಂದು ಎಳೆಯುವುದು ಹೀಗೆ.

ಅಗಲವಾದ ಬೆನ್ಪಟ್ಟಿ ಬೇಕಾದಾಗ ನೆನಪಾಗಬೇಕಾದ ಮರ ದಡಸಲು. ಉತ್ತರ ಭಾರತದಲ್ಲಿ ಧಾಮನ್ ಎಂದು ಕರೆಯುವ ಈ ಮರವನ್ನು ಗಾಡಿಯ ಮೂಕಿಗೆ, ಹುಟ್ಟಿಗೆ, ಸಲಕರಣೆಗಳ ಹಿಡಿಗೆ, ಬಿಲ್ಲಿಗೆ ಹಿಂದಿನಿಂದಲೂ ಬಳಸುತ್ತ ಬಂದಿದ್ದಾರೆ. ಬಗ್ಗಿ ಮರಳಿ ನೇರವಾಗುವ ಗುಣ ಅದಕ್ಕೆ ಸಹಜವಾಗಿದೆ. ನೀಲೇಶ್ವರ, ಕಾಞಂಗಾಡು ಕಡೆಯ ಮಿಲ್ಲುಗಳಲ್ಲಿ ದಡಸಲು ಎಂದರೆ ಅರ್ಥವಾಗದಿರಬಹುದು, ಮಲಯಾಳದಲ್ಲಿ ಚಡಚ್ಚಿ ಎಂದು ಕೇಳಬೇಕು. ಹಾಗೆಯೇ ಹಲಸಿಗೆ ಪ್ಲಾವು, ಹೆಬ್ಬಲಸಿಗೆ ಆಞಿಲಿ, ಜಂಬೆಗೆ ಇರುಳ್, ಗಾಳಿಮರಕ್ಕೆ ಕಾಟ್ಟಾಡಿ. ದಡಸಲಿನ ಪಟ್ಟಿಯನ್ನು ಸೀಳಿಸುವಾಗ ವರ್ಷದುಂಗುರಗಳು ಪಟ್ಟಿಯ ಅಗಲಕ್ಕೆ ನೆಟ್ಟಗೆ ನಿಲ್ಲುವಂತೆ ಕಾಲುಗೀಟಿನಲ್ಲಿ ಸೀಳಿಸಬೇಕು. ಹೀಗೆ ಸೀಳಿದ ಪಟ್ಟಿ ತೇವಕ್ಕೆ ಅಗಲದಲ್ಲಿ ಹಿಗ್ಗುವುದು ಚಪ್ಪಟೆ ಸೀಳಿದ ಪಟ್ಟಿಯ ಸುಮಾರು ಅರ್ಧದಷ್ಟು ಮಾತ್ರ, ಹಾಗಾಗಿ ಅಂಟಿನ ಗೆರೆಗೆ ಮಳೆಗಾಲದಲ್ಲಿ ಬೀಳುವ ಒತ್ತಡವೂ ಕಡಿಮೆ. ಪಟ್ಟಿಯ ಅಂಚಿನಲ್ಲಿ ನಾರಿನ ಗೆರೆಗಳನ್ನು ಪೆನ್ಸಿಲಿನಿಂದ ಹಿಂಬಾಲಿಸಿ ನೋಡಬೇಕು. ಒಂದು ಮೊಳದೊಳಗೆ ಗೆರೆ ಒಂದು ಮೈಯಿಂದ ಇನ್ನೊಂದು ಮೈಗೆ ದಾಟಿದರೆ ಆ ಪಟ್ಟಿ ಬೆನ್ನಿಗೆ ಸಲ್ಲದು.

ಅಮೆರಿಕದಲ್ಲಿ ಬೆನ್ಪಟ್ಟಿಗೆ ಹಿಕರಿ ಮರವನ್ನು ಬಹುವಾಗಿ ಮೆಚ್ಚುತ್ತಾರೆ. ಎಳೆತಕ್ಕೆ ಅದು ಬಲು ಗಟ್ಟಿ, ಆದರೆ ತೇವವನ್ನು ಬೇಗ ಹೀರಿ ಸೊರಗುತ್ತದೆ. ಹಣ ಕೊಟ್ಟು ಅಷ್ಟು ದೂರದಿಂದ ತರಿಸುವಂಥದ್ದು ಅದರಲ್ಲಿ ನಮಗೇನೂ ಇಲ್ಲ. ಪ್ರಾಣಿಗಳ ಸ್ನಾಯು, ಹಸಿ ಚರ್ಮ ಮುಂತಾದವುಗಳನ್ನು ಚರ್ಮದ ಅಂಟಿನಿಂದ ಬೆನ್ನಿಗೆ ಹಚ್ಚುವ ಪದ್ಧತಿ ಒಣ ನಾಡುಗಳಿಗೆ ಮಾತ್ರ.

ಹೊಟ್ಟೆಗೆ ಸಲ್ಲುವವು

ಕಡಲ ಬದಿಯಲ್ಲಿ ಸಾಲಾಗಿ ನೆಟ್ಟಿರುವ ಗಾಳಿಮರ ನನ್ನ ಮೊದಲ ಆಯ್ಕೆ. ಘನಮೀಟರಿಗೆ 900 ಕಿಲೋ ಆಸುಪಾಸಿನ ಈ ಭಾರದ ಮರ ಅಡಕುವ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ನೆಟ್ಟಗೆ ಬೆಳೆಯುತ್ತದೆ, ಬೆಲೆಯೂ ಹೆಚ್ಚಿಲ್ಲ. ತೊಂದರೆಯೆಲ್ಲ ಒಣಗಿಸುವುದರಲ್ಲಿದೆ. ಕಡಿದ ಕಂಬವನ್ನು ಹಾಗೆಯೇ ಬಿಟ್ಟರೆ ಸುರುಳಿಯಾಗಿ ಬಿರುಕು ಬಿಡುತ್ತದೆ. ಕಡಿದ ವಾರದೊಳಗೆ ನಾಲ್ಕಾಗಿ ಸೀಳಿ, ತುದಿಗಳಿಗೆ ದಪ್ಪವಾಗಿ ಪೈಂಟ್ ಬಳಿದು, ನೆರಳಿನಲ್ಲಿ ಕಟ್ಟಿಗೆಯ ಚಕ್ಕೆಗಳ ಮೇಲೆ ಅಟ್ಟಿಯಿಟ್ಟು ಒಂದು ವರ್ಷ ಕಾಯಬೇಕು. ನಮ್ಮಲ್ಲಿ ಅಡಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡುಗಳು ಮನೆಮನೆಯಲ್ಲೂ ಇರುವುದರಿಂದ ಹಸಿ ಮರವನ್ನು ನೇರವಾಗಿ ಅದರೊಳಗೆ ಸೇರಿಸುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಮರ ಸಿಡಿಯುತ್ತದೆ. ನೆರಳಿನಲ್ಲಿ ವರ್ಷ ಕಳೆದ ಮರವನ್ನು ಅಂಟಿಸುವ ಮೊದಲು ಕೆಲವು ವಾರ ಆ ಗೂಡಿನಲ್ಲಿಟ್ಟರೆ ಮಾತ್ರ ಅದರಷ್ಟು ಅನುಕೂಲ ಬೇರೆಯಿಲ್ಲ.

ಬೈನೆ ಮತ್ತು ಅಡಕೆಯ ಮಾತು ಬೇರೆ. ಒನಕೆಗೆ ಬಳಸುತ್ತಿದ್ದ ಬೈನೆಯ ಕರಿಯ ಹೊರಪದರ ಎಷ್ಟು ಗಟ್ಟಿಯೆಂದು ಹಳಬರಿಗೆ ಹೇಳಬೇಕಾಗಿಲ್ಲ. ಪಾಪುವಾ ನ್ಯೂಗಿನಿಯಲ್ಲಿ ಇಂಥದೇ ಕರಿಯ ತಾಳೆಜಾತಿಯ ಮರದಿಂದ ಬಿಲ್ಲು ಮಾಡುವ ಸಂಪ್ರದಾಯವಿದೆ. ಈ ಜಾತಿಯ ಕಾಂಡದಲ್ಲಿ ವರ್ಷದುಂಗುರಗಳಿಲ್ಲ, ಮೃದುವಾದ ತಿರುಳಿನಲ್ಲಿ ಗಟ್ಟಿ ನಾರಿನ ಎಳೆಗಳು ಹುದುಗಿರುತ್ತವೆ, ಹೊರಗೆ ಹೋದಂತೆ ಆ ಎಳೆಗಳು ಒತ್ತಾಗುತ್ತವೆ. ಕಡಿದ ಅಡ್ಡಮುಖವನ್ನು ನೀರಿನಿಂದ ಒರಸಿ ನೋಡಿದರೆ ಕಪ್ಪು ಚುಕ್ಕೆಗಳು ಒಂದಕ್ಕೊಂದು ತಾಗಿಕೊಂಡಿರುವ ಪದರ ಎಷ್ಟು ದಪ್ಪವೆಂದು ಕಾಣುತ್ತದೆ. ಅದು 12 ಮಿ.ಮೀ.ಗಿಂತ ಕಡಿಮೆಯಿದ್ದರೆ ಬಿಲ್ಲಿಗೆ ಸಾಲದು. ಅಡಕೆಯಾದರೆ ಹಳೆಯ ತೋಟದ, ಫಲ ನಿಂತು ಕಡಿಯುವ ಮರದ ಬುಡದ ಭಾಗವನ್ನು ಆಯಬೇಕು. ಸಲಕೆಗೆಂದು (ಅಡಕೆ ಮರದ ಉದ್ದ ಸೀಳುಪಟ್ಟಿಗೆಂದು) ಸೀಳಿದ್ದನ್ನೇ ಆರಿಸಿ ತೆಗೆಯಬಹುದು. ಬೈನೆಯ ಕಾಂಡ ಅಡಕೆಗಿಂತ ದಪ್ಪವಾದುದರಿಂದ ಅದರ ಪಟ್ಟಿ ಹೆಚ್ಚು ಚಪ್ಪಟೆಯಾಗಿ ಸಿಗುತ್ತದೆ, ಒತ್ತಡ ಅಗಲಕ್ಕೆ ಹರಡುತ್ತದೆ. ಎರಡೂ ಸಿಗುವಲ್ಲಿ ಬೈನೆಯೇ ಮೇಲು.

ಈ ಎರಡರ ಕೆಲಸದಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಸಾಮಾನ್ಯ ಮರದಲ್ಲಿ ಬೆನ್ಪಟ್ಟಿ ಅಂಟಿಸಿದ ಮೇಲೆ ಹೊಟ್ಟೆಯನ್ನು ಕೀಸುತ್ತ ಬಾಗನ್ನು ಹದಗೊಳಿಸುತ್ತೇವೆ. ಬೈನೆ, ಅಡಕೆಗಳಲ್ಲಿ ಹಾಗೆ ಮಾಡಿದರೆ ಅತ್ಯಂತ ಗಟ್ಟಿಯಾದ ಪದರವನ್ನೇ ಕೀಸಿ ಎಸೆದಂತಾಗುತ್ತದೆ. ಗಟ್ಟಿಮೈ ಹೊಟ್ಟೆಯ ಹೊರಗೆ ಬರುವಂತೆ ಇಟ್ಟು, ತಿರುಳಿನ ಕಡೆಯನ್ನು ಕೀಸುಳಿಯಿಂದ ತೆಗೆಯುತ್ತ ಹಿಡಿಯಿಂದ ಕೊಪ್ಪಿನವರೆಗೆ (ಹೆದೆ ಸಿಕ್ಕಿಸುವ ತುದಿಯವರೆಗೆ) ದಪ್ಪ ಇಳಿಯುವಂತೆ ಅಂಟಿಸುವ ಮೊದಲೇ ರೂಪಿಸಿಕೊಳ್ಳಬೇಕು. ಅಂಟಿಸಿದ ಮೇಲೆ ಉಳಿಯುವ ಹದವನ್ನು ಅಂಚುಗಳನ್ನು ಕಿರಿದು ಮಾಡುತ್ತಲೂ ಗಾಜಿನ ಚೂರಿನಿಂದ ಲಘುವಾಗಿ ಹೆರೆಯುತ್ತಲೂ ಮುಗಿಸಬೇಕು. ಎಳೆಗಳು ಸೂಜಿಯಂತೆ ಎದ್ದು ಅಂಗೈಗೆ ಹೊಕ್ಕುತ್ತವೆ, ಕೈಗವಸು ಧರಿಸುವುದು ಒಳ್ಳೆಯದು.

ತೇಗವನ್ನು ಹೊಟ್ಟೆಗೆ ಬಳಸಬಹುದೇ ಎಂದು ಎಲ್ಲರೂ ಕೇಳುತ್ತಾರೆ, ಏಕೆಂದರೆ ಮನೆ ಕಟ್ಟಿದಲ್ಲೆಲ್ಲ ತೇಗದ ಉಳಿಕೆ ತುಂಡು ಬಿದ್ದಿರುತ್ತದೆ. ಬಳಸಬಹುದು. ಘನಮೀಟರಿಗೆ ಸುಮಾರು 650 ಕಿಲೋ ತೂಗುವ ಸಾಧಾರಣ ಮರ ಅದು, ಬೆನ್ನಿಗೆ ಹಾಕಿದರೆ ಪಟ್ಟನೆ ಮುರಿಯುವ ಸ್ವಭಾವದ್ದು. ಆದರೆ ತೇವಕ್ಕೆ ಆಕಾರ ಬದಲಿಸದಿರುವುದರಲ್ಲಿ ಅದಕ್ಕೆ ಸಾಟಿ ಕಡಿಮೆ, ನಮ್ಮ ಹವೆಯಲ್ಲಿ ಅದು ದೊಡ್ಡ ಗುಣ. ಬಿಲ್ಲನ್ನು ಅಗಲವಾಗಿ ಮಾಡಿ, ಎಳೆತದ ಭಾರವನ್ನು (ಬಿಲ್ಲನ್ನು ಪೂರ್ತಿ ಎಳೆಯಲು ಬೇಕಾದ ಬಲವನ್ನು) 30 ಪೌಂಡಿನ ಸುತ್ತ ಇಟ್ಟುಕೊಂಡರೆ ತೇಗ ನಿಲ್ಲುತ್ತದೆ. ಹೆಬ್ಬಲಸು ಮತ್ತು ಹಲಸಿನ ಚೇಗಿನ (ಕಾಂಡದ ಒಳಗಿನ ಗಟ್ಟಿ ಭಾಗದ) ಮಾತೂ ಇದೇ. ಅಮೆರಿಕದ ಬಿಲ್ಲುಗಾರರು ಕೊಂಡಾಡುವ ಓಸೇಜ್ ಆರೆಂಜ್ ಹಲಸಿನ ಕುಟುಂಬಕ್ಕೇ ಸೇರಿದ ಮರವೆಂಬುದು ಸತ್ಯ, ಆದರೆ ನೆಂಟಸ್ತನದಿಂದ ಗುಣ ಬರುವುದಿಲ್ಲ. ನಮ್ಮ ಹಲಸು ಅದಕ್ಕಿಂತ ಬಹಳ ಹಗುರ, ನಾರೂ ಹೆಣೆದುಕೊಂಡಿರುತ್ತದೆ.

ಜಂಬೆ ಮತ್ತು ಹುಣಸೆ ಎರಡೂ ಅಡಕುವ ಒತ್ತಡವನ್ನು ತಾಳುವ ಗಟ್ಟಿಮರಗಳೇ, ಆದರೆ ನಾರು ಹೆಣೆದುಕೊಂಡಿರುವುದರಿಂದ ಕೀಸುಳಿಗೆ ಬಗ್ಗುವುದಿಲ್ಲ; ಅರದಿಂದ ತಿಕ್ಕುವ ತಾಳ್ಮೆಯಿದ್ದವರಿಗೆ ಮಾತ್ರ. ಬೀಟೆ ಬಿಲ್ಲಿಗೆ ಸೊಗಸಾದ ಮರವಾದರೂ ಅದರ ಕಡಿತ ಮತ್ತು ಸಾಗಾಟದ ಮೇಲೆ ಕಾನೂನಿನ ಬಿಗಿಯಿದೆ. ಹಳೆಯ ಮಂಚದ ಕಾಲು ಸಿಕ್ಕಿದರೆ ಹಿಡಿಗೆ ಬಳಸಿ ತೃಪ್ತಿಪಡುವುದು ಲೇಸು. ರಬ್ಬರ್, ಮಾವು, ಸಿಲ್ವರ್ ಓಕ್ ಬೇಡ.

ಜೋಡಿಗಳು ಮತ್ತು ಅಳತೆ

ಮುಂದಿನ ಅಳತೆಗಳು 173 ಸೆಂ.ಮೀ. ಉದ್ದದ, 26ರಿಂದ 28 ಇಂಚು ಎಳೆಯುವ, 30ರಿಂದ 35 ಪೌಂಡ್ ಭಾರದ ಬಿಲ್ಲಿಗೆ. ಎಲ್ಲದರಲ್ಲೂ ಹಿಡಿಯ ಜಾಗದಲ್ಲಿ ಹೊಟ್ಟೆಯ ಕಡೆಗೆ 20 ಸೆಂ.ಮೀ. ಉದ್ದದ ಹಲಸಿನ ತುಂಡೊಂದನ್ನು ಎರಡೂ ತುದಿ ಇಳಿಜಾರಾಗುವಂತೆ ಕೆತ್ತಿ ಅಂಟಿಸಬೇಕು.

ಬಿದಿರು ಮತ್ತು ಗಾಳಿಮರದ ಜೋಡಿಗೆ ಹಿಡಿಯ ಬಳಿ 34 ಮಿ.ಮೀ. ಅಗಲ ಸಾಕು, ತುದಿಯಲ್ಲಿ 12. ಒಣನಾಡಿನ ಬರಹಗಳು ಬಿದಿರನ್ನು ಹಿಡಿಯ ಬಳಿ 3 ಮಿ.ಮೀ., ತುದಿಯಲ್ಲಿ 2 ಮಿ.ಮೀ. ಇಡಲು ಹೇಳುತ್ತವೆ. ಇಲ್ಲಿ ಅದನ್ನು 2.5ರಿಂದ 1.5ಕ್ಕೆ ಇಳಿಸುವುದು ನನ್ನ ಸಲಹೆ. ಗಳ ಸಣ್ಣದಾಗಿ ಬಿದಿರಿನ ಪಟ್ಟಿ ಹೊಟ್ಟೆಗಿಂತ ಮೂರು ಮಿ.ಮೀ. ಕಿರಿದಾದರೆ ಚಿಂತೆಯಿಲ್ಲ. ಬೆನ್ನನ್ನು ಹೊಟ್ಟೆಯ ಅಗಲದ ಮುಕ್ಕಾಲು ಪಾಲಿಗೋ ಐದರಲ್ಲಿ ನಾಲ್ಕು ಪಾಲಿಗೋ ಕಿರಿದು ಮಾಡಿ ಬಿಲ್ಲಿನ ಅಡ್ಡಮುಖವನ್ನು ತಲೆಕೆಳಗಾದ ದೋಣಿಯಾಕಾರಕ್ಕೆ ತರುವುದು ಹೊಟ್ಟೆಯ ಹೊರೆಯನ್ನು ಇಳಿಸುವ ಒಳ್ಳೆಯ ಉಪಾಯವೇ ಆಗಿದೆ. ಬಿದಿರಿನ ಹೊರಮೈಯನ್ನು ಮಾತ್ರ ಯಾವ ಕಾರಣಕ್ಕೂ ಕೀಸಬಾರದು. ಗಿಣ್ಣಿನ ಉಬ್ಬನ್ನು ಚೂಪು ಹೋಗುವಷ್ಟು ಮರಳುಕಾಗದದಿಂದ ತಿಕ್ಕಿ ಬಿಡಬೇಕು.

ಬಿದಿರು ಮತ್ತು ಬೈನೆಗೂ ಇದೇ ಅಳತೆ ಹೊಂದುತ್ತದೆ. ಅಡಕೆಗೆ ಅಗಲವನ್ನು ತುಸು ಹೆಚ್ಚಿಸಿ ಬಿದಿರನ್ನು ಇನ್ನೂ ತೆಳು ಮಾಡಬೇಕು.

ದಡಸಲು ಮತ್ತು ತೇಗದ ಜೋಡಿಗೆ ಹಿಡಿಯ ಬಳಿ 48 ಮಿ.ಮೀ. ಅಗಲ ಬೇಕು, ಆ ಅಗಲವನ್ನು ಬಿಲ್ಲಿನ ತೋಳಿನ ಅರ್ಧದವರೆಗೂ ಉಳಿಸಿಕೊಂಡು ಆಮೇಲೆ ತುದಿಗೆ ಇಳಿಸಬೇಕು. ದಡಸಲಿನ ಪಟ್ಟಿ 3 ಮಿ.ಮೀ. ಇರಬಹುದು, ಏಕೆಂದರೆ ಅದು ಬಿದಿರಿನಷ್ಟು ಬಿಗಿಯಲ್ಲ. ಬಾಲ್ದಿಯ ಪರೀಕ್ಷೆಯಲ್ಲಿ ದಡಸಲು ತೇಗಕ್ಕಿಂತ ಕಾಲು ಪಾಲಿಗೂ ಹೆಚ್ಚು ನೀರು ಹಿಡಿದರೆ ಪಟ್ಟಿಯನ್ನು 2.5ಕ್ಕೆ ಇಳಿಸುವುದು ಜಾಣತನ. ತೇಗದ ಬದಲು ಹೆಬ್ಬಲಸನ್ನು ಹಾಕಿದರೂ ಇದೇ ಕ್ರಮ. ಚೆನ್ನಾದ ದಡಸಲು ಸಿಕ್ಕಿದವರು ಹೊಟ್ಟೆಗೂ ಅದನ್ನೇ ಬಳಸಿ ಅಗಲವನ್ನು 42ಕ್ಕೆ ಇಳಿಸಬಹುದು. ಒಂದೇ ಮರವಾದುದರಿಂದ ತೇವಕ್ಕೆ ಎರಡೂ ಪದರ ಒಂದೇ ರೀತಿ ಸ್ಪಂದಿಸುತ್ತವೆ.

ದಪ್ಪವನ್ನು ಕೀಸುವಾಗ ಒಂದು ಲೆಕ್ಕ ಕೈಯನ್ನು ತಡೆಯಬೇಕು. ಬಿಲ್ಲಿನ ಬಿಗು ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ ದಪ್ಪದಲ್ಲಿ ಹತ್ತರಲ್ಲೊಂದು ಪಾಲು ಕಡಿಮೆಯಾದರೆ ಎಳೆತದ ಭಾರ ನೂರರಲ್ಲಿ 27 ಪಾಲು ಕಡಿಮೆಯಾಗುತ್ತದೆ.

ಅಂಟಿಸುವ ಕಾಲ

ಅಂಟಿಸುವ ಕೆಲಸ ಪತ್ತನಾಜೆಯ (ಮೇ ತಿಂಗಳ ಕೊನೆಯ ಹೊತ್ತಿಗೆ, ಮಳೆಗಾಲದ ಮುನ್ನ ಬರುವ ತುಳುನಾಡಿನ ದಿನ) ಮೊದಲೇ ಮುಗಿಯಬೇಕು. ಕುಂಭ-ಮೀನ ಮಾಸಗಳ ಒಣ ಮಧ್ಯಾಹ್ನಗಳು ಅದಕ್ಕೆ ಸರಿಯಾದ ಹೊತ್ತು. ಬೆನ್ನು ಮತ್ತು ಹೊಟ್ಟೆಯ ಪಟ್ಟಿಗಳನ್ನು ಒಂದೇ ಕೋಣೆಯಲ್ಲಿ ಕನಿಷ್ಠ ಎರಡು ವಾರ ಜೊತೆಯಾಗಿಟ್ಟು ಎರಡರ ತೇವಾಂಶವೂ ಸಮನಾದ ಮೇಲೆಯೇ ಅಂಟಿಸಬೇಕು. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, ಅಂದರೆ ಅರಾಲ್ಡೈಟಿನಂಥ ಎರಡು ಟ್ಯೂಬಿನ ಅಂಟು, ನಮ್ಮ ಹವೆಗೆ ಹೊಂದುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ನಮೂನೆ ಬೇಡ, ಅಷ್ಟರಲ್ಲಿ ಬಿಲ್ಲಿನ ಅರ್ಧವನ್ನೂ ಸುತ್ತಿ ಮುಗಿಯುವುದಿಲ್ಲ. ಸಾಮಾನ್ಯ ಬಿಳಿ ಅಂಟು ಭಾರಕ್ಕೆ ಮೆಲ್ಲನೆ ಜಾರುವುದಲ್ಲದೆ ತೇವಕ್ಕೆ ಮೆತ್ತಗಾಗುತ್ತದೆ. ಮೈಗಳನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಗೀರಿ ಒರಟು ಮಾಡಿಕೊಳ್ಳಬೇಕು. ತೇಗದಲ್ಲಿ ಎಣ್ಣೆಯಂಶವಿರುವುದರಿಂದ ಅಂಟು ಹಚ್ಚುವ ತುಸು ಮೊದಲು ಅಸಿಟೋನಿನಿಂದ ಒರಸುವುದನ್ನು ಮರೆಯಬಾರದು. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿದರೆ ಒತ್ತಡ ಎಲ್ಲೆಡೆ ಸಮನಾಗಿ ಬೀಳುತ್ತದೆ, ಕ್ಲಾಂಪುಗಳ ಸಾಲೇ ಬೇಕಾಗುವುದಿಲ್ಲ. ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು.

ಬಾಗನ್ನು ಹದಗೊಳಿಸುವಾಗ ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹಗ್ಗವನ್ನು ರಾಟೆಯ ಮೂಲಕ ಹಾಯಿಸಿ ದೂರದಿಂದ ಎಳೆದು ನೋಡಬೇಕು. ಮುರಿದರೆ ಚೂರು ಮುಖಕ್ಕೆ ಬರಬಾರದು. ಬಾಣವಿಲ್ಲದೆ ಎಳೆದು ಬಿಡುವುದು ಯಾವ ಜೋಡಿಗೂ ಹಿತವಲ್ಲ. ಸಿದ್ಧವಾದ ಬಿಲ್ಲು ಗುರಿಹಲಗೆಯ ಅಭ್ಯಾಸಕ್ಕೆ ಮಾತ್ರ ಎಂಬುದನ್ನೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೇಟೆ ಅಪರಾಧವೆಂಬುದನ್ನೂ ಹೇಳಿಬಿಡುತ್ತೇನೆ.

ಕೊನೆಯ ಮೆರುಗಿಗೆ ಎಣ್ಣೆ ಸಾಲದು, ಏಕೆಂದರೆ ಎಣ್ಣೆ ನೀರಿನ ಹನಿಯನ್ನು ತಡೆದರೂ ಗಾಳಿಯ ತೇವವನ್ನು ತಡೆಯುವುದಿಲ್ಲ. ಪಾಲಿಯುರೆಥೇನ್ ವಾರ್ನಿಷನ್ನು ನಾಲ್ಕೈದು ತೆಳು ಪದರಗಳಾಗಿ, ಕೊಪ್ಪಿನ ಕಚ್ಚುಗಳಿಗೂ ಅಂಟಿನ ಗೆರೆಯ ಅಂಚುಗಳಿಗೂ ತಪ್ಪದೆ ಬಳಿಯಬೇಕು. ಅದೂ ತೇವವನ್ನು ಪೂರ್ತಿ ತಡೆಯುವುದಿಲ್ಲ, ಒಳಗೆ ಹೋಗುವುದನ್ನು ನಿಧಾನ ಮಾಡುತ್ತದೆ. ಮಳೆಗಾಲದಲ್ಲಿ ಬಿಲ್ಲನ್ನು ಹೆದೆ ಇಳಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಅಡ್ಡಲಾಗಿ ಎರಡು ಗೂಟಗಳ ಮೇಲೆ ಇಡುವುದು ಸರಿಯಾದ ಕ್ರಮ. ಮೂಲೆಗೆ ಒರಗಿಸಿಟ್ಟರೆ ಕೆಳಗಿನ ತೋಳು ನೆಲದ ತೇವವನ್ನು ಹೀರಿ ಮೇಲಿನದಕ್ಕಿಂತ ಸಡಿಲವಾಗುತ್ತದೆ. ಆಟಿ ಮತ್ತು ಅದರ ಮುಂದಿನ ಸೋಣ ತಿಂಗಳುಗಳಲ್ಲಿ ಬಳಸಲೇಬೇಕೆಂದಿದ್ದರೆ ಪೂರ್ತಿ ಎಳೆಯದೆ ಎರಡು ಇಂಚು ಕಡಿಮೆ ಎಳೆಯಬೇಕು, ಪ್ರತಿ ಸಲ ಹೆದೆ ಇಳಿಸಿದ ಮೇಲೆ ಹೊಟ್ಟೆಯ ಮೇಲೆ ಬೆರಳುಗುರನ್ನು ಉದ್ದಕ್ಕೆ ಓಡಿಸಿ ನೋಡಬೇಕು. ಉಗುರು ಎಲ್ಲಿಯಾದರೂ ಅಡ್ಡಗೆರೆಗೆ ತಡೆದರೆ ಬೆನ್ನಿನ ಅಂಚುಗಳನ್ನು ಇನ್ನೊಂದೊಂದು ಮಿ.ಮೀ. ಇಳಿಸಿ, ಆ ಗೆರೆಯ ಎರಡೂ ಪಕ್ಕದ ಹೊಟ್ಟೆಯನ್ನು ತುಸು ಕೀಸಿ ಬಾಗನ್ನು ಹರಡುವವರೆಗೆ ಆ ಬಿಲ್ಲಿಗೆ ಹೆದೆಯೇರಿಸಬಾರದು.